ಸಂಕ ಕಡಿದ ರಾತ್ರಿ

ಕಡ್ಲೆಕಾಯಿ ಕಿತ್ತ ಹೊಲದಲ್ಲಿ ಒಣಬಳ್ಳಿ ಗುಡ್ಡೆ ಹಾಕಿ, ಬೆಂಕಿ ಹಚ್ಚಿ, ಅದರಲ್ಲೇ ಕಾಯಿ ಸುಟ್ಟು ತಿನ್ನೋದು ನಮ್ಮ ಮಿಡಿಗೇಶಿ ಕಡೆಯ ಚಳಿಗಾಲದ ಸುಖ. ಹೋದ ಕಾರ್ತಿಕದಲ್ಲಿ ಹಾಗೆ ಕೂತಿದ್ದಾಗ ಮೊಮ್ಮಗ ಫೋನಿನಲ್ಲಿ ಯಾವುದೋ ಮರದ ಸೇತುವೆಯ ಚಿತ್ರ ತೋರಿಸಿ, "ತಾತ, ನಮ್ಮ ಕಡೆ ಇಂಥದ್ದು ಇತ್ತಾ?" ಅಂದ.

ಎಲ್ಲಿಂದ ಬರಬೇಕು! ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ಹಾದು ಉತ್ತರ ಪಿನಾಕಿನಿಗೆ ಸೇರುವ ಜಯಮಂಗಲಿಯೇ ನಮ್ಮ ದೊಡ್ಡ ಹೊಳೆ. ನನ್ನ ಬಾಲ್ಯದಲ್ಲಿ ಅದು ಹೆಚ್ಚುಕಾಲ ಬರೀ ಮರಳು. ಗಾಡಿ ಇಳಿಸಿದರೆ ಚಕ್ರ ಹೂತುಕೊಳ್ಳುತ್ತಿತ್ತು, ನಾಲ್ಕು ಜನ ಹೆಗಲು ಕೊಡುತ್ತಿದ್ದರು, ದಾಟುತ್ತಿತ್ತು. ಮರದ ಸೇತುವೆ ನಾನು ಕಂಡದ್ದು ಹೊಸನಗರ ಸೀಮೆಯಲ್ಲಿ. ಅದನ್ನು ಕಟ್ಟಿದ ಮನುಷ್ಯನೇ ಒಂದು ರಾತ್ರಿ ಕತ್ತಿ ಹಿಡಿದು ಅದನ್ನು ಕಡಿದದ್ದನ್ನೂ ಅಲ್ಲೇ ನೋಡಿದೆ.

1976ರಲ್ಲಿ ಮೇಷ್ಟ್ರ ಕೆಲಸದ ಆರ್ಡರು ಬಂತು. ಆ ಸೀಮೆಯದೇ ಒಂದು ಏಕೋಪಾಧ್ಯಾಯ ಶಾಲೆ. ಮೇ ತಿಂಗಳಲ್ಲಿ, ಇರೋಕೆ ಜಾಗ ನೋಡಿಕೊಂಡು ಬರೋಣ ಅಂತ ಹೋದರೆ ಊರಲ್ಲಿ ಒಬ್ಬರೂ ಇಲ್ಲ. ಎಲ್ಲ ಹಳ್ಳದ ಹತ್ತಿರ. ಕೃತ್ತಿಕೆ ಮಳೆ ಹಿಡಿಯೋದರೊಳಗೆ ಸಂಕ, ಅಂದರೆ ಆ ಮರದ ಸೇತುವೆ, ಮುಗಿಯಬೇಕಂತೆ. ಮನೆಗೊಂದಾಳು, ಆಳಿಲ್ಲದ ಮನೆಯಿಂದ ಒಂದು ಅಡಿಕೆ ಮರವೋ ಒಂದು ಹೊತ್ತಿನ ಊಟವೋ. ನಾನು ಮನೆ ಇಲ್ಲದವನು, ಆದರೂ ನನ್ನ ಕೈಗೆ ಒಂದು ಬಳ್ಳಿಕಟ್ಟು ಕೊಟ್ಟು ನೀರಲ್ಲಿ ನೆನೆಹಾಕು ಅಂದರು. ಯಾವೂರು ಅಂತ ಕೇಳಿದ್ದೂ ಆಮೇಲೆಯೇ. ಮಿಡಿಗೇಶಿ ಅಂದೆ. ಹಿಮ್ಮಡಿ ಮುಟ್ಟುವ ಕೂದಲಿದ್ದ ಅರಸಿಯ ಹೆಸರು ಊರಿಗೆ ಬಂತಂತೆ ಅಂತ ನಮ್ಮಲ್ಲಿ ಹೇಳುವ ಕಥೆಯನ್ನೂ ಹೇಳಿದೆ. ಅವತ್ತಿನಿಂದ ಆ ಊರಿನ ಹೆಂಗಸರಿಗೆ ನಾನು ಜಡೆ ಊರಿನ ಮೇಷ್ಟ್ರು.

ಸಂಕದ ಮೇಸ್ತ್ರಿ ಒಬ್ಬ ಅಜ್ಜ. ಅಳತೆಪಟ್ಟಿ ಇಲ್ಲ, ಮೊಳ ಮಾರುಗಳಲ್ಲೇ ಲೆಕ್ಕ. ಬಂಡೆಯ ಬಿರುಕಿನಲ್ಲಿ ಎರಡೆರಡು ಮರದ ಕಾಲುಗಳನ್ನು ಕತ್ತರಿಯ ಹಾಗೆ ಅಡ್ಡಡ್ಡ ನಿಲ್ಲಿಸಿ, ಬುಡಕ್ಕೆ ಕಲ್ಲು ಬಡಿದು ಬಿಗಿ ಮಾಡಿದ. ಕತ್ತರಿಯ ಸಂದಿನಲ್ಲಿ ಉದ್ದದ ಅಡಿಕೆ ಮರಗಳು ಕೂರಬೇಕು, ಮೇಲಕ್ಕೆ ಚಾಚಿದ ತೋಳುಗಳಿಗೆ ಕೈಹಿಡಿಯ ಬಿದಿರು. ಕಾಲಿಗೆ ಮಾತ್ರ ಗಟ್ಟಿ ಕಾಡುಮರ. ಅಡಿಕೆ ಮರ ಹೊರಗೆ ಕಬ್ಬಿಣ, ಒಳಗೆ ಬೆಂಡು. ಒಂದೆರಡು ಮಳೆಗಾಲದಲ್ಲಿ ಕೊಳೆಯುತ್ತದೆ. ಕೊಳೆಯಲಿ, ತೋಟದಲ್ಲಿ ಮುದಿಮರಕ್ಕೆ ಬರವೇ ಅನ್ನೋ ಧೋರಣೆ ಅಜ್ಜನದು.

ಕಟ್ಟು ಹಾಕೋದನ್ನು ನಾನು ಪಕ್ಕದಲ್ಲೇ ಕೂತು ನೋಡಿದೆ. ರಾತ್ರಿಯೆಲ್ಲ ನೆನೆದ ಬಳ್ಳಿಯನ್ನು ಮೂರು ಸುತ್ತು ಹೀಗೆ, ಮೂರು ಸುತ್ತು ಹಾಗೆ ಸುತ್ತಿ, ಕಾಲಿನಿಂದ ಮರ ಒದ್ದು ಹಿಡಿದು ಜಗ್ಗುತ್ತಿದ್ದ. ಪ್ರತಿ ಸುತ್ತಿಗೂ ಕತ್ತಿಯ ಬೆನ್ನಿನಿಂದ ಟಕ್ ಟಕ್ ಎರಡು ಪೆಟ್ಟು. ಕೊನೆಯ ತುದಿಯನ್ನು ಸುತ್ತಿನ ಕೆಳಗೆ ತೂರಿಸಿ ಹೆಬ್ಬೆರಳಿಂದ ಒತ್ತಿ ನೋಡುತ್ತಿದ್ದ. ಗಂಟೆಲ್ಲ ದಡಕ್ಕೆ ಮುಖ ಮಾಡಿ, ಕತ್ತಿಗೆ ಎಟಕುವ ಹಾಗೆ ಇತ್ತು. ಯಾಕಜ್ಜ ಅಂದದ್ದಕ್ಕೆ, "ಬಿಚ್ಚೋದೂ ನಾನೇ ಅಲ್ವಾ" ಅಂದ. ಆಗ ನನಗೆ ಅರ್ಥವಾಗಲಿಲ್ಲ.

ಕಟ್ಟಿದ್ದು ನಾಲ್ಕು ದಿನ, ನೋಡಿಕೊಂಡದ್ದು ನಾಲ್ಕು ತಿಂಗಳು. ಮಳೆ ಹಿಡಿದ ಮೇಲೆ ಸರದಿ. ಸರದಿ ಬಂದ ಮನೆಯವರು ಪಾಚಿ ಕೆರೆದು ಬೂದಿ ಎರಚಬೇಕು. ಕಾಲುಗಳಿಗೆ ಸಿಕ್ಕಿಕೊಂಡ ಕಸಕಡ್ಡಿಯನ್ನು ಉದ್ದದ ದೋಟಿಯಿಂದ ಬಿಡಿಸಬೇಕು. ಸಂಕವನ್ನು ಕೊಲ್ಲೋದು ನೀರಲ್ಲ, ಕಸ: ಸೊಪ್ಪು ಸದೆ ಸಿಕ್ಕಿ ಗೋಡೆಯಾದರೆ ಹಳ್ಳದ ಭಾರವೆಲ್ಲ ಅದರ ಮೇಲೇ. ನಾನು ಬಾಡಿಗೆ ಕೋಣೆಯವನಾದರೂ ಸರದಿ ಬಿಟ್ಟುಕೊಡಲಿಲ್ಲ. ಉಂಬಳ ಕಚ್ಚಿದ್ದಕ್ಕೆ ಲೆಕ್ಕವಿಲ್ಲ.

ಆಚೆ ದಡದಿಂದ ಆರು ಮಕ್ಕಳು ಶಾಲೆಗೆ ಬರುತ್ತಿದ್ದರು. ಸಂಜೆ ಅವರನ್ನು ಒಬ್ಬೊಬ್ಬರಾಗಿ ದಾಟಿಸಿ ಎಣಿಸೋದು ನನ್ನ ದಿನದ ಕೊನೆಯ ಪಾಠ. ಪುನರ್ವಸು ಮಳೆ ಮೂರು ದಿನ ಬಿಡದೆ ಹೊಡೆದಾಗ, ನಾಲ್ಕನೇ ದಿನ ಮಧ್ಯಾಹ್ನ ನೀರು ಅಡಿಕೆ ಮರಕ್ಕೆ ನಾಲಿಗೆ ಚಾಚಿತು. ನಮ್ಮ ಪಾವಗಡಕ್ಕೆ ವರ್ಷವಿಡೀ ಬೀಳೋ ಮಳೆ ಅಲ್ಲಿ ಆ ನಾಲ್ಕೈದು ದಿನದಲ್ಲೇ ಬಿದ್ದಿತ್ತೇನೋ. ಅಜ್ಜ ಬಂದು ಸಂಕದ ಬಾಯಿಗೆ ಬಿದಿರು ಅಡ್ಡ ಕಟ್ಟಿದ. ಆರೂ ಮಕ್ಕಳು ಅವನ ಮನೆಯಲ್ಲೇ ಉಳಿದವು.

ರಾತ್ರಿ ಬಚ್ಚಲೊಲೆಯ ಮುಂದೆ ಹಲಸಿನ ಬೀಜ ಸುಟ್ಟುಕೊಂಡು ಕೂತಿದ್ದೆವು. ಹಳ್ಳದ ಕಡೆಯಿಂದ ಧಡ್ ಅಂತ ಒಂದು ಸದ್ದು. ಅಜ್ಜ ಕೈಲಿದ್ದ ಬೀಜ ಒಲೆಗೇ ಹಾಕಿ ಎದ್ದ. ಲಾಟೀನು ಹಿಡಿದು ಓಡಿದರೆ, ಬೇರುಸಮೇತ ಕಿತ್ತು ಬಂದ ಒಂದು ಮರ ನಡುವಿನ ಕತ್ತರಿಗೆ ಅಡ್ಡ ಬಿದ್ದಿದೆ. ಮೂವರು ದೋಟಿ ಹಾಕಿ ನೂಕಿದರೂ ಕದಲಲಿಲ್ಲ. ಅಜ್ಜ ಕೈಹಿಡಿಯ ಬಿದಿರಿಗೆ ಅಂಗೈ ಒತ್ತಿ ಸುಮ್ಮನೆ ನಿಂತ, ಜ್ವರದವನ ನಾಡಿ ನೋಡುವ ಹಾಗೆ. ನಾನೂ ಕೈ ಇಟ್ಟೆ. ಬಿದಿರು ಗುಂಯ್ ಅನ್ನುತ್ತಿತ್ತು.

"ಕಡಿಬೇಕು" ಅಂದ.

ಅಜ್ಜನ ಸೊಂಟಕ್ಕೆ ಹಗ್ಗ ಬಿಗಿದೆವು, ಇನ್ನೊಂದು ತುದಿ ದಡದ ಮರಕ್ಕೆ ಒಂದು ಸುತ್ತು ಹಾಕಿ ನಾಲ್ವರ ಕೈಲಿ. ನಡುವಿನವರೆಗೂ ಹೋಗಿ, ಹಿಂದೆ ಹಿಂದೆ ಬರುತ್ತ ಒಂದೊಂದೇ ಕಟ್ಟಿಗೆ ಒಂದೊಂದೇ ಏಟು. ಗಂಟೆಲ್ಲ ಈ ದಡಕ್ಕೆ ಮುಖ ಮಾಡಿದ್ದು ಯಾಕೆ ಅಂತ ಹಗ್ಗ ಹಿಡಿದ ನನಗೆ ಆಗ ಹೊಳೆಯಿತು. ಕೊನೆಯ ಏಟಿಗೆ ಅವನು ದಡಕ್ಕೆ ಹಾರಿದ, ಅಡಿಕೆ ಮರಗಳು ಒಮ್ಮೆ ಎದ್ದು ನಿಂತಂತಾಗಿ ಹೋದವು, ಅವುಗಳ ಹಿಂದೆಯೇ ಆ ದೊಡ್ಡ ಮರವೂ ಉರುಳಿಕೊಂಡು ಹೋಯಿತು. ಕತ್ತರಿಕಾಲುಗಳು ಮಾತ್ರ ಬಂಡೆಯಲ್ಲಿ ನಿಂತಿದ್ದವು.

"ಹಾಸು ಹೋದ್ರೆ ನಾಳೆ ಹಾಕ್ಬಹುದು ಮೇಷ್ಟ್ರೇ. ಕಾಲು ಹೋದ್ರೆ ಬರೋ ಬೇಸಿಗೆಯೇ."

ಆಚೆ ದಡದಲ್ಲಿ ಎರಡು ಲಾಟೀನು. ಮಕ್ಕಳ ಮನೆಯವರು. ಕೂಗಿದರೆ ಕೇಳೋ ಹಾಗಿಲ್ಲ. ಅಜ್ಜ ನನ್ನ ಕೈಯಿಂದ ಲಾಟೀನು ಕಿತ್ತುಕೊಂಡು ಆರು ಸಲ ಮೇಲೆತ್ತಿ ಇಳಿಸಿದ. ಆಚೆಯಿಂದಲೂ ಆರು ಸಲ. ಆಮೇಲೆ ಆ ದೀಪಗಳು ಗುಡ್ಡ ಹತ್ತಿದವು.

ಮೂರನೇ ದಿನ ನೀರು ಇಳಿದಾಗ ಹೊಸ ಹಾಸು ಬಿತ್ತು. ಆಚೆ ಮನೆಯವರು ಕೊಟ್ಟ ನಾಲ್ಕು ಮರಗಳಲ್ಲಿ ಎರಡು ಗೊನೆ ಹೊತ್ತ ಮರಗಳು. ಯಾರೂ ಆ ಮಾತು ಎತ್ತಲಿಲ್ಲ, ಅಜ್ಜ ಗೊನೆಯನ್ನು ಮಾತ್ರ ಅವರ ಅಂಗಳಕ್ಕೆ ಕಳಿಸಿದ.

ಮಲೆನಾಡಿನ ಸಂಕಗಳು ಆಮೇಲೆ ಕಮ್ಮಿಯಾದವು. 1989ರಲ್ಲಿ ಸುಳ್ಯದ ಗಿರೀಶ್ ಭಾರದ್ವಾಜ್ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಹಾಕಿದರು, ನೂರಾರು ಹಳ್ಳಿಗಳಿಗೆ ಅದೇ ದಾರಿಯಾಯಿತು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಮ್ಮ ಅಜ್ಜನಿಗೇ ಬಂದಷ್ಟು ಖುಷಿಪಟ್ಟೆ. ಆ ಹಳ್ಳಕ್ಕೂ ಈಗ ಸಿಮೆಂಟಿನ ಸೇತುವೆ ಇದೆ. ಒಳ್ಳೇದೇ ಆಯಿತು; ಮಕ್ಕಳು ಜೀವ ಕೈಲಿ ಹಿಡಿದು ದಾಟೋದರಲ್ಲಿ ಚೆಂದ ಹುಡುಕುವವನು ನಾನಲ್ಲ. ಆದರೆ ಹೋದ ಸಲ ಹೋದಾಗ ಕಂಬಕ್ಕೆ ಒಂದು ಕೊಂಬೆ ಸಿಕ್ಕಿ, ಅದಕ್ಕೆ ಪ್ಲಾಸ್ಟಿಕ್ಕು ಸುತ್ತಿ ಗೋಡೆಯಾಗುತ್ತಿತ್ತು. ಕೇಳಿದರೆ, ಬರೆದು ಕೊಟ್ಟಿದ್ದೀವಿ ಅಂದರು. ದೋಟಿ ಯಾರ ಮನೆಯಲ್ಲೂ ಇರಲಿಲ್ಲ.

ನಮ್ಮ ಕಡೆಗೂ ಸರದಿ ಗೊತ್ತಿತ್ತು, ಸೇತುವೆಗಲ್ಲ, ತಲಪರಿಗೆಗೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕುಗಳಲ್ಲಿ ಮರಳು ನೆಲದಿಂದ ತಾನಾಗಿ ಜಿನುಗುವ ಈ ಊಟೆಗಳಿಂದ ಊರು ನೀರು ಕುಡಿಯಿತು, ಗದ್ದೆ ಬೆಳೆಯಿತು. ವರ್ಷಕ್ಕೊಮ್ಮೆ ಮನೆಗೊಂದಾಳು ಇಳಿದು ಹೂಳೆತ್ತಿ ಕಾಲುವೆ ಬಿಡಿಸುತ್ತಿದ್ದರು. ಬೋರ್‌ವೆಲ್ ಬಂತು, ಮರಳಿನ ಲಾರಿ ಬಂತು, ಸರದಿ ನಿಂತಿತು. ನಮ್ಮ ಹೊಲದ ಕೆಳಗಿನದು ಇನ್ನೂ ಒಸರುತ್ತಿದೆ. ಶಿವರಾತ್ರಿ ಕಳೆದ ಮೊದಲ ಭಾನುವಾರ ಬೆಳಿಗ್ಗೆ ಇಳಿಯುತ್ತೇವೆ, ನಾನು ಮತ್ತು ಮೊಮ್ಮಗ. ಅಕ್ಕಪಕ್ಕದೂರಿನವರು ಇದನ್ನು ಓದುತ್ತಿದ್ದರೆ ಬನ್ನಿ. ಊಟ ನಮ್ಮನೆಯಲ್ಲಿ, ಗುದ್ದಲಿ ನೀವೇ ತನ್ನಿ.