ಮೆಣಸಿನಕಾಯಿಯ ಸುಗ್ಗಿಯಲ್ಲಿ ನಿಂತ ಗಾಡಿ

2023ರ ಫೆಬ್ರವರಿ ತಿಂಗಳ ಒಂದು ಗುರುವಾರ. ಬ್ಯಾಡಗಿ ಪೇಟೆಯ ದಿನ. ನಸುಕಿನಲ್ಲಿಯೇ 22 ಚೀಲ ಒಣಮೆಣಸಿನಕಾಯಿ ಹೇರಿಕೊಂಡು ರಾಣೆಬೆನ್ನೂರು ತಾಲೂಕಿನ ನಮ್ಮ ಊರಿನಿಂದ ಹೊರಟ ಪಿಕಪ್ ಗಾಡಿಯು, ಮೋಟೆಬೆನ್ನೂರು ಇನ್ನೂ ಸ್ವಲ್ಪ ದೂರವಿರುವಾಗಲೇ ಹೆದ್ದಾರಿಯ ಮಗ್ಗುಲಿಗೆ ನಿಂತುಬಿಟ್ಟಿತು. ಗಾಡಿ ನಡೆಸುತ್ತಿದ್ದವನು ನಮ್ಮ ತಮ್ಮ. ಅವನ ಫೋನು ಬಂದಾಗ ನಾವು ಇನ್ನೂ ಚಹಾ ಕುಡಿದಿರಲಿಲ್ಲ.

"ಅಣ್ಣಾ, ಎಂಜಿನ್ ಒಳಗ ಯಾರೋ ಸುತ್ತಿಗೀಲೆ ಬಡಿದಂಗಾತು. ಆಮ್ಯಾಲೆ ಬಂದ್ ಆತು. ಎಷ್ಟ್ ಕೀಲಿ ತಿರುವಿದ್ರೂ ಏಳವಲ್ದು" ಎಂದನು.

ಆ 22 ಚೀಲಗಳಲ್ಲಿ ನಮ್ಮವು ನಾಲ್ಕೇ. ಉಳಿದವು ನೆರೆಹೊರೆಯ ಮೂರು ಮನೆಗಳವು. ಟೆಂಡರಿನ ಹೊತ್ತಿಗೆ ಮಾಲು ಅಂಗಡಿ ಮುಟ್ಟದಿದ್ದರೆ ಮುಂದಿನ ಸೋಮವಾರದವರೆಗೆ ಕಾಯಬೇಕು. ತಮ್ಮನು ಹೆದ್ದಾರಿಯಲ್ಲಿ ಕೈಯೊಡ್ಡಿ ಬೇರೊಂದು ಗಾಡಿಯನ್ನು ನಿಲ್ಲಿಸಿ, ಬಾಡಿಗೆಯನ್ನು ತನ್ನ ಕಿಸೆಯಿಂದಲೇ ಕೊಟ್ಟು ಚೀಲಗಳನ್ನು ಕಳಿಸಿದನು. ನಮ್ಮ ಗಾಡಿಯು ಸಂಜೆ ಹೊತ್ತಿಗೆ ಇನ್ನೊಂದು ಗಾಡಿಯ ಬೆನ್ನೇರಿ ಪಟ್ಟಣದ ಸರ್ವೀಸ್ ಕೇಂದ್ರಕ್ಕೆ ಹೋಯಿತು.

ನಮ್ಮದು ನಾಲ್ಕು ಎಕರೆ ಮಳೆಯಾಶ್ರಯದ ಭೂಮಿ. ನಾವು ಪ್ರಾಥಮಿಕ ಶಾಲೆಯ ಶಿಕ್ಷಕರಾಗಿದ್ದು ನಿವೃತ್ತರಾದವರು. ತಮ್ಮನು ಒಕ್ಕಲುತನದ ಜೊತೆಗೆ ಬಾಡಿಗೆಯ ಕಾಯಕ ಮಾಡಬೇಕೆಂದು 2021ರ ಸೆಪ್ಟೆಂಬರಿನಲ್ಲಿ 8 ಲಕ್ಷ 70 ಸಾವಿರ ರೂಪಾಯಿಗೆ ಈ ಗಾಡಿಯನ್ನು ಸಾಲ ಮಾಡಿ ಕೊಂಡನು. ತಿಂಗಳ ಕಂತು 17,200 ರೂಪಾಯಿ. ಮೂರು ವರ್ಷ ಅಥವಾ ಒಂದು ಲಕ್ಷ ಕಿಲೋಮೀಟರ್, ಯಾವುದು ಮೊದಲೋ ಅಲ್ಲಿಯವರೆಗೆ ವಾರಂಟಿ. ಗಾಡಿ ನಿಂತ ದಿನ ಮೀಟರಿನಲ್ಲಿ ಇದ್ದದ್ದು 38,400 ಕಿಲೋಮೀಟರ್. ಆದ್ದರಿಂದ ನಮಗೆ ಮೊದಲ ದಿನ ಅಷ್ಟು ಗಾಬರಿಯಾಗಲಿಲ್ಲ. ವಾರಂಟಿ ಇದೆಯಲ್ಲ, ಸರಿಮಾಡಿ ಕೊಡುತ್ತಾರೆ ಎಂದುಕೊಂಡಿದ್ದೆವು.

ಹದಿನಾಲ್ಕು ದಿನಗಳ ನಂತರ ಪತ್ರ ಬಂದಿತು. ಮೂರನೆಯ ಸರ್ವೀಸನ್ನು ಸಕಾಲದಲ್ಲಿ ಮಾಡಿಸಿಲ್ಲ. ಅತಿಭಾರ ಹೇರಿದ ಸಂಶಯವಿದೆ. ಆದಕಾರಣ ವಾರಂಟಿ ಅನ್ವಯಿಸದು. ದುರಸ್ತಿಯ ಅಂದಾಜು ವೆಚ್ಚ 1 ಲಕ್ಷ 85 ಸಾವಿರ ರೂಪಾಯಿ. ಪತ್ರವನ್ನು ಓದಿ ಹೇಳಿದಾಗ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಸುಗ್ಗಿಯ ಮೂರು ತಿಂಗಳ ಬಾಡಿಗೆಯಿಂದಲೇ ವರ್ಷದ ಅರ್ಧ ಕಂತು ತುಂಬುವ ಲೆಕ್ಕ ನಮ್ಮದಾಗಿತ್ತು.

ಈ ಪತ್ರ ಬರುವುದಕ್ಕೆ ಮೊದಲೇ ಒಂದು ಒಳ್ಳೆಯ ಕೆಲಸವಾಗಿತ್ತು. ಅದರ ಶ್ರೇಯಸ್ಸು ನಮ್ಮ ಸೋದರಮಾವನವರದು. ಅವರು ಸಾರಿಗೆ ಸಂಸ್ಥೆಯ ಡಿಪೋದಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿ ದುಡಿದವರು. ಗಾಡಿ ನಿಂತ ಮರುದಿನವೇ ನಮ್ಮನ್ನು ಕರೆದುಕೊಂಡು ಸರ್ವೀಸ್ ಕೇಂದ್ರಕ್ಕೆ ಹೋಗಿ, ಎಂಜಿನ್ನಿನ ಎಣ್ಣೆ ನೋಡುವ ಕಡ್ಡಿಯನ್ನು ಎಳೆದು, ಎರಡು ಬೆರಳ ನಡುವೆ ಉಜ್ಜಿ, ಮೂಗಿಗೆ ಹಿಡಿದರು. ಎಣ್ಣೆಯು ಕಡ್ಡಿಯ ಮೇಲಿನ ಗೆರೆಯನ್ನೂ ದಾಟಿ ನಿಂತಿತ್ತು, ನೀರಿನಂತೆ ತೆಳುವಾಗಿತ್ತು, ಡೀಸೆಲಿನ ವಾಸನೆ ಹೊಡೆಯುತ್ತಿತ್ತು. "ಈ ಎಣ್ಣಿ ಚೆಲ್ಲಾಕ ಬಿಡಬ್ಯಾಡ್ರಪಾ. ಇದರಾಗ ಎಲ್ಲಾ ಐತಿ" ಎಂದರು. ಎರಡು ಶುಭ್ರವಾದ ಸೀಸೆಗಳಲ್ಲಿ ಎಣ್ಣೆಯನ್ನು ತುಂಬಿ, ಬಾಯಿಗೆ ಅರಗು ಹಾಕಿ, ಕೇಂದ್ರದ ಮೇಲ್ವಿಚಾರಕರ ಸಹಿಯನ್ನೂ ನಮ್ಮ ಸಹಿಯನ್ನೂ ಮಾಡಿಸಿದರು. ಒಂದು ಅವರಲ್ಲಿ, ಒಂದು ನಮ್ಮಲ್ಲಿ. ನಾವು ಇಲ್ಲದಾಗ ಎಂಜಿನ್ ಬಿಚ್ಚಕೂಡದೆಂದು ಪತ್ರ ಬರೆದು, ಅದರ ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡೆವು. ಆ ದಿನ ಇದೆಲ್ಲ ನಮಗೆ ಅತಿಯೆನಿಸಿತ್ತು.

ಎಣ್ಣೆ ಖಾಲಿಯಾಗಿ ಎಂಜಿನ್ ಕೆಡುವುದನ್ನು ಎಲ್ಲರೂ ಬಲ್ಲರು. ಎಣ್ಣೆ ಹೆಚ್ಚಾಗಿ ಕೆಡುವುದೆಂದರೇನು? ಮಾವನವರು ನಮ್ಮ ಅಂಗಳದಲ್ಲಿ ಕುಳಿತು ವಿವರಿಸಿದ್ದನ್ನು ನಮಗೆ ತಿಳಿದಷ್ಟು ಇಲ್ಲಿ ಹೇಳುತ್ತೇವೆ. ಇಂತಹ ಗಾಡಿಗಳು ಈಗ ಊರೂರಿನಲ್ಲಿವೆಯಾದ್ದರಿಂದ ಓದುಗ ಬಂಧುಗಳಲ್ಲಿ ಕೆಲವರಿಗಾದರೂ ಉಪಯೋಗವಾದೀತು. 2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಬಿಎಸ್-6 ಎಂಬ ಹೊಗೆಯ ನಿಯಮವು ಜಾರಿಗೆ ಬಂದಿತು. ಅದಕ್ಕೆ ಹೊಂದುವಂತೆ ಡೀಸೆಲ್ ಗಾಡಿಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿಯುವ ಒಂದು ಜರಡಿಯನ್ನು ಕೂರಿಸುತ್ತಾರೆ. ಜರಡಿ ತುಂಬಿದಾಗ ಆ ಮಸಿಯನ್ನು ಸುಡಬೇಕು. ಸುಡಲು ಹೆಚ್ಚಿನ ಕಾವು ಬೇಕು. ಅದಕ್ಕಾಗಿ ಅನೇಕ ಎಂಜಿನ್‌ಗಳು ತಾವಾಗಿಯೇ ಸಿಲಿಂಡರಿನೊಳಗೆ ಒಂದಿಷ್ಟು ಡೀಸೆಲನ್ನು ತಡವಾಗಿ ಚಿಮ್ಮಿಸುತ್ತವೆ. ಅದು ಹೊಗೆಯೊಡನೆ ಹೊರಗೆ ಹೋಗಿ ಉರಿದು ಜರಡಿಯನ್ನು ಕಾಯಿಸುತ್ತದೆ. ಗಾಡಿಯು ಹೆದ್ದಾರಿಯಲ್ಲಿ ಸ್ವಲ್ಪ ಹೊತ್ತು ಒಂದೇ ಸಮನೆ ಓಡಿದರೆ ಈ ಕೆಲಸ ಮುಗಿಯುತ್ತದೆ. ನಡುವೆಯೇ ಎಂಜಿನ್ ಆರಿಸಿದರೆ ಮುಗಿಯದು. ಮತ್ತೆ ಮೊದಲಿನಿಂದ ಆರಂಭ. ಹೀಗೆ ಮೇಲಿಂದ ಮೇಲೆ ಆದಾಗ ಉರಿಯದ ಡೀಸೆಲು ಸಿಲಿಂಡರಿನ ಗೋಡೆಗುಂಟ ಇಳಿದು ಕೆಳಗಿನ ಎಣ್ಣೆಯನ್ನು ಕೂಡಿಕೊಳ್ಳುತ್ತದೆ. ಎಣ್ಣೆಯ ಮಟ್ಟ ಏರುತ್ತದೆ, ಎಣ್ಣೆಯ ಸತ್ವ ಇಳಿಯುತ್ತದೆ. ಕ್ರ್ಯಾಂಕಿಗೂ ಬೇರಿಂಗಿಗೂ ನಡುವೆ ಇರಬೇಕಾದ ಎಣ್ಣೆಯ ಪದರ ಹರಿದು ಲೋಹಕ್ಕೆ ಲೋಹ ತಾಗುತ್ತದೆ. ತಮ್ಮನ ಕಿವಿಗೆ ಬಿದ್ದ ಸುತ್ತಿಗೆಯ ಪೆಟ್ಟು ಅದೇ.

ಸುಗ್ಗಿಯಲ್ಲದ ಕಾಲದಲ್ಲಿ ನಮ್ಮ ಗಾಡಿಯ ಓಡಾಟ ಎಂತಹದು? ಈ ಊರಿನಿಂದ ಆ ಊರಿಗೆ ಗೊಬ್ಬರದ ಚೀಲ, ಶಾಮಿಯಾನದ ಕಂಬ, ಮದುವೆಯ ಪಾತ್ರೆಪಡಗ. ನಾಲ್ಕು ಮೈಲಿ ಓಡುವುದು, ಆರಿಸುವುದು, ಇಳಿಸುವುದು. ಹಳ್ಳಿಯ ದುಡಿಮೆಗೆಂದೇ ಮಾರುವ ಗಾಡಿಗೆ ಹಳ್ಳಿಯ ಓಡಾಟವೇ ಆಗಿಬರದೆಂದು ಕೊಳ್ಳುವ ದಿನ ನಮಗೆ ಒಬ್ಬರೂ ಹೇಳಲಿಲ್ಲ.

ಹೇಳಲಿಲ್ಲವೆಂಬುದು ನಿಜ; ಕೈಪಿಡಿಯಲ್ಲಿ ಬರೆದಿತ್ತೆಂಬುದೂ ನಿಜ. ಜರಡಿ ತುಂಬಿದಾಗ ಮೀಟರಿನ ಫಲಕದಲ್ಲಿ ಹೊತ್ತುವ ದೀಪದ ಚಿತ್ರ, ಅದು ಹೊತ್ತಿದರೆ ಏನು ಮಾಡಬೇಕೆಂಬ ಎರಡು ಪುಟಗಳ ಸೂಚನೆ, ಎಲ್ಲವೂ ಇಂಗ್ಲಿಷಿನಲ್ಲಿತ್ತು. ತಮ್ಮನು ಆ ದೀಪವನ್ನು ಅನೇಕ ಸಲ ನೋಡಿದ್ದನಂತೆ. ಹೆದ್ದಾರಿಗೆ ಹೋದಾಗ ತಾನಾಗಿಯೇ ಆರುತ್ತಿತ್ತಾದ್ದರಿಂದ ಸುಮ್ಮನಿದ್ದನು. ಮನೆಯಲ್ಲಿ ಇಂಗ್ಲಿಷ್ ಓದಬಲ್ಲವರು ನಾವೊಬ್ಬರೇ. ಗಾಡಿ ಬಂದ ದಿನ ಪೂಜೆ ಮಾಡಿ, ಪೇಡೆ ಹಂಚಿ, ಕೈಪಿಡಿಯನ್ನು ಪ್ಲಾಸ್ಟಿಕ್ ಚೀಲದಿಂದ ಹೊರತೆಗೆಯದೆಯೇ ಡಬ್ಬಿಯೊಳಗೆ ಇಟ್ಟವರೂ ನಾವೇ. ನಲವತ್ತು ವರ್ಷ ಪರರ ಮಕ್ಕಳಿಗೆ "ಪುಸ್ತಕ ತೆರೆಯಿರಿ" ಎಂದವರು!

ಇನ್ನು ಮೂರನೆಯ ಸರ್ವೀಸಿನ ಮಾತು. 30,000 ಕಿಲೋಮೀಟರಿಗೆ ಆಗಬೇಕಾದದ್ದು 31,800ಕ್ಕೆ ಆಗಿತ್ತು. ಆ ತಿಂಗಳು ತಂದೆಯವರು ಆಸ್ಪತ್ರೆಯಲ್ಲಿದ್ದರು, ಅವರು ಉಳಿಯಲಿಲ್ಲ. ಕಾರಣ ಏನೇ ಇರಲಿ, 1,800 ಕಿಲೋಮೀಟರ್ ತಡವಾದದ್ದು ತಡವೇ.

ನಮ್ಮ ಊರ ಹತ್ತಿರ ಗ್ಯಾರೇಜು ಇಟ್ಟುಕೊಂಡಿರುವ ಪರಿಚಿತರೊಬ್ಬರು ಸಂಕಟ ಕೇಳಿ ತಾವಾಗಿಯೇ ಮನೆಗೆ ಬಂದರು. "30,000ಕ್ಕೆ ನಮ್ಮಲ್ಲೇ ಎಣ್ಣಿ ಬದಲಿ ಮಾಡಿಸೀರಿ ಅಂತ ಒಂದು ಬಿಲ್ ಬರದು ಕೊಡ್ತೀನ್ರಿ ಸರ್. ಹಳೇ ಪುಸ್ತಕದಾಗ ಒಂದು ಖಾಲಿ ಹಾಳಿ ಐತಿ" ಎಂದರು. ಅವರ ಮನಸ್ಸಿನಲ್ಲಿ ಉಪಕಾರದ ಹೊರತು ಬೇರೇನೂ ಇರಲಿಲ್ಲ. ಮುಚ್ಚಿಡದೆ ಹೇಳಬೇಕೆಂದರೆ, ನಮ್ಮ ಮನಸ್ಸು ಆ ಹಾಳೆಯ ಕಡೆಗೆ ವಾಲಿತು. ಇಷ್ಟು ದೊಡ್ಡ ಕಂಪನಿಯ ಮುಂದೆ ಇಷ್ಟು ಸಣ್ಣ ಚೀಟಿ ಎಂದುಕೊಂಡೆವು. ತಮ್ಮನು ನಮ್ಮ ಮುಖ ನೋಡಿದನು. ಒಳಗಿನಿಂದ ಅವ್ವ ಮಾತಾಡಿದಳು: "ಆ ಚೀಟಿ ತೊಗೊಂಡ್ರ ಆಮ್ಯಾಲೆ ನಮ್ಮ ಖರೇ ಚೀಟಿನೂ ಯಾರೂ ನಂಬೂದಿಲ್ಲ. ಬ್ಯಾಡ." ಪರಿಚಿತರು ಚಹಾ ಕುಡಿದು ಹೋದರು. ಆ ರಾತ್ರಿ ನಾವು ಸಿಟ್ಟಿನಲ್ಲಿಯೇ ಉಂಡೆವು. ಅವ್ವನಿಗೆ ವ್ಯವಹಾರ ತಿಳಿಯದೆಂದು ಹೆಂಡತಿಯ ಮುಂದೆ ಗೊಣಗಿದ್ದೂ ಉಂಟು.

ಅವ್ವ ಹೇಳಿದ ಖರೆ ಚೀಟಿಗಳು ಪಡಸಾಲೆಯ ಗೋಡೆಗೆ ತೂಗುಹಾಕಿದ ತಂತಿಯಲ್ಲಿದ್ದವು. ತಂದೆಯವರ ಕಾಲದಿಂದಲೂ ಪೇಟೆಯಿಂದ ಬಂದ ತೂಕದ ಚೀಟಿಗಳನ್ನೆಲ್ಲ ಆ ತಂತಿಗೆ ಚುಚ್ಚುವುದು ನಮ್ಮ ಮನೆಯ ರೂಢಿ. ಗಾಡಿ ಬಂದ ಮೇಲೆ ಬಾಡಿಗೆಯ ಮಾಲಿನ ಚೀಟಿಗಳ ಪ್ರತಿಯನ್ನೂ ತಮ್ಮನು ಲೆಕ್ಕಕ್ಕಾಗಿ ಅಲ್ಲಿಯೇ ಚುಚ್ಚುತ್ತಿದ್ದನು. ಅವನ್ನು ಇಳಿಸಿ ದಿನಾಂಕದ ಪ್ರಕಾರ ಹೊಂದಿಸಿದೆವು. ಒಣಮೆಣಸಿನಕಾಯಿ ನೋಡಲು ಗುಡ್ಡದಷ್ಟು, ತೂಗಿದರೆ ಹಗುರ. ಚೀಲಗಳು ಕ್ಯಾಬಿನ್ನಿನ ಮೇಲೆ ಏರಿ ನಿಂತರೂ ನಮ್ಮ ಯಾವ ಹೇರೂ ಸಾವಿರ ಕಿಲೋ ದಾಟಿರಲಿಲ್ಲ. ಗಾಡಿಗೆ ಅನುಮತಿ ಇದ್ದದ್ದು 1,300 ಕಿಲೋ. ಗೊಬ್ಬರದ ಚೀಲಗಳನ್ನು ಸಾಗಿಸಿದ ರಸೀದಿಗಳೂ ಹಾಗೆಯೇ ಇದ್ದವು. ಅತಿಭಾರದ ಸಂಶಯಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಿರಲಿಲ್ಲ.

ಇನ್ನೊಂದು ಕಾಗದ ಗಾಡಿಯ ಡಬ್ಬಿಯಲ್ಲಿಯೇ ಸಿಕ್ಕಿತು: ಮೂರನೆಯ ಸರ್ವೀಸಿನ ಜಾಬ್ ಕಾರ್ಡು. ಗ್ರಾಹಕರ ದೂರು ಎಂಬಲ್ಲಿ, ಎಣ್ಣೆಯ ಮಟ್ಟ ಹೆಚ್ಚುತ್ತಿದೆ ಎಂದು ಅವರ ಕೈಯಿಂದಲೇ ಬರೆದಿತ್ತು. ತಮ್ಮನು ಅಂದು ಹೇಳಿದ್ದನು. ಅವರು ಎಣ್ಣೆ ಬದಲಿಸಿ, ಸರಿಯಿದೆ ಎಂದು ಕಳಿಸಿದ್ದರು. ಅಂದರೆ ತಡವಾದರೂ ಸರ್ವೀಸನ್ನು ಅವರೇ ಒಪ್ಪಿ ಮಾಡಿದ್ದರು, ಹೊಸ ಎಣ್ಣೆಯನ್ನು ಅವರೇ ತುಂಬಿದ್ದರು. ಆ ಎಣ್ಣೆಯೂ 6,600 ಕಿಲೋಮೀಟರಿನಲ್ಲಿ ನೀರಾಗಿತ್ತು. ಹಳೆಯ 1,800 ಕಿಲೋಮೀಟರಿನ ತಡಕ್ಕೂ ಇದಕ್ಕೂ ಏನು ಸಂಬಂಧ? ಅವ್ವನ ಮಾತಿನ ತೂಕ ನಮಗೆ ತಿಳಿದದ್ದು ಆಗ. ಸುಳ್ಳು ಬಿಲ್ಲನ್ನು ಒಡ್ಡಿದ್ದರೆ ಈ ಪ್ರಶ್ನೆಯನ್ನು ಕೇಳುವ ಬಾಯಿ ನಮಗಿರುತ್ತಿರಲಿಲ್ಲ.

ನಮ್ಮ ಸೀಸೆಯನ್ನು ಬೆಂಗಳೂರಿನ ಒಂದು ಪ್ರಯೋಗಾಲಯಕ್ಕೆ ಕಳಿಸಿದೆವು. ಎಂಜಿನ್ ಎಣ್ಣೆ ಸಾಮಾನ್ಯವಾಗಿ 200 ಡಿಗ್ರಿಗೂ ಹೆಚ್ಚು ಕಾವು ತಗಲಿದಾಗ ಮಾತ್ರ ಅದರ ಆವಿ ಹೊತ್ತಿಕೊಳ್ಳುತ್ತದೆ. ಡೀಸೆಲು ಬೆರೆತರೆ ಅದಕ್ಕಿಂತ ಬಹಳ ಕೆಳಗೆಯೇ ಹೊತ್ತಿಕೊಳ್ಳುತ್ತದೆ. ನಮ್ಮ ಎಣ್ಣೆಯಲ್ಲಿ ಹಾಗೆಯೇ ಆಯಿತೆಂದೂ ಡೀಸೆಲ್ ಬೆರಕೆಯಿದೆಯೆಂದೂ ವರದಿ ಬಂದಿತು.

ಆಮೇಲೆ ವಕೀಲರ ಮನೆ. ದುಡಿಯುವ ಗಾಡಿಗೆ ಗ್ರಾಹಕರ ಕಾನೂನು ಅನ್ವಯಿಸುವುದೇ ಎಂಬ ಅಂಜಿಕೆ ನಮಗಿತ್ತು. ವ್ಯಾಪಾರಕ್ಕಾಗಿ ಕೊಂಡವನು ಗ್ರಾಹಕನಲ್ಲವೆಂದು ಕಾನೂನು ಹೇಳುತ್ತದೆ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲೆಂದೇ ಕೊಂಡದ್ದು ವ್ಯಾಪಾರದ ಉದ್ದೇಶವಾಗದೆಂದೂ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ವಿವರಣೆಯಲ್ಲಿದೆ. ತಾನೇ ನಡೆಸಿ ಜೀವನ ಮಾಡಲು ಲಾರಿ ಕೊಂಡವನು ಗ್ರಾಹಕನೇ ಎಂದು 1995ರಷ್ಟು ಹಿಂದೆಯೇ ಲಕ್ಷ್ಮೀ ಇಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ದೋಷವನ್ನು ಪರೀಕ್ಷೆಯಿಲ್ಲದೆ ತಿಳಿಯಲಾಗದಿದ್ದರೆ ಆಯೋಗವೇ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸುತ್ತದೆ. ನಮ್ಮ ಗಾಡಿಯ ಬೆಲೆಗೆ ಶುಲ್ಕ 200 ರೂಪಾಯಿ ಮಾತ್ರ. ಕೇಳಿ ತಮ್ಮನು ನಕ್ಕನು. ಅನೇಕ ದಿನಗಳ ಮೇಲೆ ನಕ್ಕದ್ದು.

ಮೊದಲು ನೋಟೀಸು ಕೊಟ್ಟೆವು. ಅದರಲ್ಲಿ ಸರ್ವೀಸು ತಡವಾದದ್ದನ್ನೂ ದೀಪವನ್ನು ಅಲಕ್ಷಿಸಿದ್ದನ್ನೂ ನಾವೇ ಬರೆಸಿದೆವು. ವಕೀಲರಿಗೆ ಅದು ಅಷ್ಟಾಗಿ ಸೇರಲಿಲ್ಲ. ಜೊತೆಗೆ ಜಾಬ್ ಕಾರ್ಡು, ತೂಕದ ಚೀಟಿ, ಪ್ರಯೋಗಾಲಯದ ವರದಿಗಳ ಪ್ರತಿಗಳು. ಹತ್ತು ದಿನದೊಳಗೆ ಕಂಪನಿಯ ಎಂಜಿನಿಯರೊಬ್ಬರು ಬಂದರು. ನಮ್ಮ ಎದುರಿಗೇ ಎಂಜಿನ್ ಬಿಚ್ಚಿದರು. ತವರದ ಹಾಳೆಯಂತೆ ತೆಳ್ಳಗಾಗಿ ಮಡಚಿಕೊಂಡ ಬೇರಿಂಗಿನ ಚೂರನ್ನು ಕೈಯಲ್ಲಿ ಹಿಡಿದು, ಬಹಳ ಹೊತ್ತು ಏನೂ ಹೇಳಲಿಲ್ಲ. ಸಭ್ಯ ಮನುಷ್ಯರು.

ತೀರ್ಮಾನವಾದದ್ದು ಹೀಗೆ: ಬಿಡಿಭಾಗಗಳೆಲ್ಲ ವಾರಂಟಿಯಲ್ಲಿ, ಕೂಲಿ ಮತ್ತು ಎಣ್ಣೆಯ 24,000 ರೂಪಾಯಿ ನಮ್ಮದು, ಎಂಜಿನ್ನಿನ ಹಿಡಿತಪ್ಪಟ್ಟಿಯಲ್ಲಿ ಹೊಸ ತಂತ್ರಾಂಶ, ಉಳಿದ ವಾರಂಟಿ ಮುಂದುವರಿಯುವುದೆಂದು ಲಿಖಿತ. ಗಾಡಿ ನಿಂತ 47 ದಿನಗಳ ದುಡಿಮೆಗೆ ಏನೂ ಇಲ್ಲ. ತಮ್ಮನು ಒಪ್ಪಲಿಲ್ಲ, "ತಪ್ಪು ಅವರದ ಹೆಚ್ಚು ಐತಿ ಅಂತ ಅವರ ಕಾಗದನ ಹೇಳತೈತಿ, ಕೇಸ್ ಹಾಕೂಣು" ಎಂದನು. ಅವನ ಮಾತಿನಲ್ಲಿ ನ್ಯಾಯವಿತ್ತು. ಆದರೆ ಎರಡನೆಯ ಕಂತಿಗಾಗಿ ಅವನ ಹೆಂಡತಿಯ ಬೋರಮಾಳ ಸರ ಆಗಲೇ ಸಹಕಾರಿ ಸಂಘದಲ್ಲಿ ಅಡವು ಬಿದ್ದಿತ್ತು. ಸುಗ್ಗಿ ಇನ್ನು ಮೂರು ವಾರ ಉಳಿದಿತ್ತು. ನಾವು ಸಹಿ ಹಾಕಿದೆವು. ಹಾಕಿದ್ದು ಸರಿಯೋ ತಪ್ಪೋ ಎಂದು ಇಂದಿಗೂ ನಾವಿಬ್ಬರೂ ವಾದಿಸುವುದುಂಟು. ಸರ ಬಿಡಿಸಿಕೊಳ್ಳಲು ಮುಂದಿನ ದೀಪಾವಳಿಯವರೆಗೆ ಹಿಡಿಯಿತು.

ಗಾಡಿ ಮನೆಗೆ ಬಂದ ದಿನ ನಾವು ಕೈಪಿಡಿಯನ್ನು ಚೀಲದಿಂದ ಹೊರತೆಗೆದೆವು. ದೀಪಗಳ ಪುಟ, ಎಣ್ಣೆಯ ಪುಟ, ಜರಡಿಯ ಪುಟಗಳನ್ನು ಒಂದು ನೋಟುಬುಕ್ಕಿನಲ್ಲಿ ಕನ್ನಡದಲ್ಲಿ ಬರೆದೆವು. ಪ್ರತಿ ದೀಪದ ಚಿತ್ರವನ್ನು ತಮ್ಮನ ಮಗಳು ಬಣ್ಣದಿಂದ ಬರೆದಳು. ವಾರಕ್ಕೊಮ್ಮೆ, ಸೋಮವಾರ ಪೇಟೆಗೆ ಹೊರಡುವ ಮುನ್ನ, ತಮ್ಮನು ಕಡ್ಡಿಯನ್ನು ಒರೆಸಿ ಅದ್ದಿ ಎತ್ತಿ ಅವ್ವನಿಗೆ ತೋರಿಸುತ್ತಾನೆ. ಅವಳು ಗೆರೆಯನ್ನು ನೋಡಿ "ಹೂಂ" ಎನ್ನುತ್ತಾಳೆ. 2024ರ ಸೆಪ್ಟೆಂಬರಿನಲ್ಲಿ ವಾರಂಟಿ ಮುಗಿಯಿತು, ಗಾಡಿ ಓಡುತ್ತಿದೆ. ನೋಟುಬುಕ್ಕು ಮಾತ್ರ ಮನೆಯಲ್ಲಿಲ್ಲ. ಪಕ್ಕದ ಊರಿನವರೊಬ್ಬರು ಅಂತಹದೇ ಗಾಡಿ ಕೊಂಡು, ಓದಿ ಕೊಡುತ್ತೇವೆಂದು ಒಯ್ದರು. ಅವರಿಂದ ಇನ್ನೊಬ್ಬರು ಒಯ್ದಿದ್ದಾರಂತೆ.