ಕೆಂಪು ಚುಕ್ಕಿ ಬೆನ್ನತ್ತಿ ಕಮಲಾಪುರಕ್ಕೆ

ಫೆಬ್ರವರಿಯ ಒಂದು ಸಂಜೆ ಕಲಬುರಗಿಯ ರೂಮಿನಲ್ಲಿ ಕೂತು ನಾಸಾದ ಫರ್ಮ್ಸ್ ನಕ್ಷೆ ನೋಡುತ್ತಿದ್ದೆ. ಉಪಗ್ರಹಕ್ಕೆ ನೆಲದ ಮೇಲೆ ಬೆಂಕಿಯ ಶಾಖ ಸಿಕ್ಕರೆ ಸುಮಾರು ಮೂರು ತಾಸಿನೊಳಗೆ ಇಲ್ಲೊಂದು ಕೆಂಪು ಚುಕ್ಕಿ ಬೀಳುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡು ಹೊತ್ತಿ ಉರಿದಾಗ ಇಂಥ ಚಿತ್ರಗಳ ಹುಚ್ಚು ಹಿಡಿದಿದ್ದು. ಈ ಸಲ ಚುಕ್ಕಿ ಬಿದ್ದಿದ್ದು ನಮ್ಮ ಕಡೆಯೇ, ಕಮಲಾಪುರದ ಹತ್ತಿರ.

ವರ್ಲ್ಡ್‌ವ್ಯೂ ತಾಣದಲ್ಲಿ ಅದೇ ದಿನದ ಚಿತ್ರ ತೆಗೆದೆ. ಹೊಗೆ ಬೂದು-ಬಿಳಿಯಾಗಿ ಕಾಣುತ್ತದೆ, ಧೂಳು ಕಂದಾಗಿ ಕಾಣುತ್ತದೆ ಅಂತ ಓದಿದ್ದೆ. ಆದರೆ ರಾಶಿ ಮುಗಿದು ಒಣಗಿದ ಹೊಲಗಳೂ ಕಂದೇ. ಕಂಡದ್ದು ಬರೀ ಮಬ್ಬು. ಆದರೂ 'ರೈತರ ಬೆಂಕಿಗೆ ಕಲಬುರಗಿಯ ಗಾಳಿ ಕಲುಷಿತ' ಎಂಬ ತಲೆಬರಹ ಕೊಟ್ಟು ಎರಡು ಪ್ಯಾರಾ ಬರೆದೇಬಿಟ್ಟೆ. ಸಮೀರನ ಹುಚ್ಚು ಅಂತಾರಲ್ಲ, ಅದಕ್ಕಿಂತ ಹೆಚ್ಚಿನದು ಹೊಸ ವರದಿಗಾರನ ಅವಸರ.

ಮರುದಿನ ಫೋಟೋ ಬೇಕೆಂದು ಬೈಕ್ ಹತ್ತಿ ಹುಮನಾಬಾದ್ ರಸ್ತೆ ಹಿಡಿದೆ. ಮೊಬೈಲ್ ತೋರಿಸಿದ ಜಾಗಕ್ಕೆ ಹೋಗಿ ನಿಂತರೆ ಎದುರಿಗೆ ಹಸಿರು ಬಾಳೆ ತೋಟ. ಕಮಲಾಪುರದ ಹೆಸರಾದ ಕೆಂಪು ಬಾಳೆ. ಸುಟ್ಟ ಗುರುತೇ ಇಲ್ಲ.

"ಕಾಕಾ, ನಿನ್ನೆ ನಿಮ್ಮ ಹೊಲದಾಗ ಬೆಂಕಿ ಬಿದ್ದಿತ್ತೇನ್ರಿ?"

"ನನ್ನ ಹೊಲದಾಗ ಯಾಕ ಬೀಳ್ತದ ತಮ್ಮಾ? ಆ ಕಡಿ ಕಬ್ಬಿನ ರವದಿ ಸುಟ್ಟಾರ ನೋಡು," ಎಂದು ಬದುವಿನಾಚೆ ಕೈ ತೋರಿಸಿದರು. ಎರಡು ಹೊಲ ದಾಟಿದ ಮೇಲೆ ಕರಿ ನೆಲ ಸಿಕ್ಕಿತು.

ಲೆಕ್ಕ ಆಮೇಲೆ ಹೊಳೆಯಿತು. ಆ ಉಪಗ್ರಹದ ವಿಐಐಆರ್‌ಎಸ್ ಉಪಕರಣ ನೆಲವನ್ನು 375 ಮೀಟರ್ ಚೌಕಗಳಾಗಿ ನೋಡುತ್ತದೆ. ಒಂದು ಚೌಕವೆಂದರೆ ಹತ್ತಿರ ಹತ್ತಿರ 35 ಎಕರೆ. ಬೆಂಕಿ ಅದರ ಯಾವ ಮೂಲೆಯಲ್ಲಿದ್ದರೂ ಚುಕ್ಕಿ ಬೀಳುವುದು ನಡುವೆ. ನಮ್ಮಲ್ಲಿ 35 ಎಕರೆಯಲ್ಲಿ ಎಷ್ಟು ಮನೆತನಗಳ ಹೊಲ ಬರುತ್ತವೆ! ಅದೂ ಉಪಗ್ರಹ ತಲೆ ಮೇಲೆ ಹಾಯುವುದು ಮಧ್ಯಾಹ್ನ ಒಂದೂವರೆ, ರಾತ್ರಿ ಒಂದೂವರೆಯ ಆಸುಪಾಸು. ಸಂಜೆ ಹಚ್ಚಿ ಊಟದ ಹೊತ್ತಿಗೆ ಆರಿದ ಬೆಂಕಿ ಲೆಕ್ಕಕ್ಕೇ ಬರುವುದಿಲ್ಲ. ಅತ್ತ ಸಿಮೆಂಟ್ ಕಾರ್ಖಾನೆಯ ಗೂಡಿನಂಥ ಶಾಖವೂ ಚುಕ್ಕಿಯಾಗಬಹುದು. ಸೇಡಂ, ವಾಡಿ ಇರುವ ಜಿಲ್ಲೆಯಲ್ಲಿ ಇದು ಸಣ್ಣ ಮಾತಲ್ಲ.

ರವದಿ ಸುಟ್ಟವರೂ ಸಿಕ್ಕರು. ಕೂಳೆ ಕಬ್ಬಿಗೆ ಬೇಗ ನೀರು ಬಿಡಬೇಕು, ರವದಿ ಸಾಲಿಗೆ ಸರಿಸಲು ಆಳು ಸಿಗುವುದಿಲ್ಲ, ಪುಡಿ ಮಾಡುವ ಯಂತ್ರದ ಬಾಡಿಗೆ ಮೈಮೇಲೆ ಬರುತ್ತದೆ. ಸುಟ್ಟರೆ ನೆಲದ ಹಸಿ ಹೋಗುತ್ತದೆಂದು ಅವರಿಗೂ ಗೊತ್ತು. ಸುಟ್ಟದ್ದು ಸರಿ ಅಂತ ನನಗೆ ಈಗಲೂ ಅನ್ನಿಸಿಲ್ಲ. ಆದರೆ ಇದ್ಯಾವುದೂ ನನ್ನ ಎರಡು ಪ್ಯಾರಾದಲ್ಲಿ ಇರಲಿಲ್ಲ.

ಹೊರಡುವಾಗ ಕಾಕಾ ರಸ್ತೆ ಬದಿಯ ಬಾಳೆ ಎಲೆಯೊಂದನ್ನು ಬೆರಳಿನಿಂದ ಒರೆಸಿ ತೋರಿಸಿದರು. ಬೆರಳು ಕೆಂಪಗಾಯಿತು. "ದಿನಾ ಲಾರಿ ಓಡಾಡಿ ಇಷ್ಟು ಧೂಳು ಕೂಡ್ತದ. ಇದಕ್ಕ ನಿನ್ನ ಮೊಬೈಲಿನಾಗ ಚುಕ್ಕಿ ಬೀಳ್ತದೇನು?"

ಬೀಳುವುದಿಲ್ಲ. ಉಪಗ್ರಹ ಅಳೆಯುವುದು ನೆಲದಿಂದ ಆಕಾಶದವರೆಗಿನ ಗಾಳಿಯಲ್ಲಿರುವ ಒಟ್ಟು ಕಣಗಳನ್ನು. ಒಂದು ರಸ್ತೆಯ ಧೂಳು, ಅದನ್ನು ಕುಡಿಯುವ ಮೂಗು ಅದಕ್ಕೆ ಬೇರೆಯಾಗಿ ಕಾಣುವುದಿಲ್ಲ.

ರೂಮಿಗೆ ಬಂದು ತಲೆಬರಹ ಅಳಿಸಿದೆ. ವರದಿ ಎರಡು ದಿನ ತಡವಾಯಿತು, ಬೈಸಿಕೊಂಡೆ. ಧೂಳಿನ ರಸ್ತೆಯ ಬಗ್ಗೆ ಬರೆಯಲು ಮುಂದಿನ ವಾರ ಮತ್ತೆ ಅದೇ ತೋಟಕ್ಕೆ ಹೋದೆ, ಈ ಸಲ ನಕ್ಷೆ ನೋಡದೆ.