ಕತ್ತಿ ಕೆಳಗಿಡೋದು ಮರೆತಾಗ...

ಕಳೆದ ಡಿಸೆಂಬರಿನ ಒಂದು ಶನಿವಾರ, ರಾತ್ರಿ ಎರಡೂವರೆಗೆ ನಾನು ಸತ್ತುಹೋದೆ.

ಗಾಬರಿಯಾಗಬೇಡಿ, ಸತ್ತಿದ್ದು ವಿಲ್ಸನ್. ಆದರೆ ನಾಲ್ಕೂವರೆ ಗಂಟೆ ಅವನಾಗಿಯೇ ಬದುಕಿದ್ದರಿಂದ ನಾನೇ ಸತ್ತಷ್ಟು ಹೊಟ್ಟೆ ಉರಿಯಿತು. ಅದೂ ಹೇಗೆ ಸತ್ತೆ ಅಂತೀರಿ? ಯುದ್ಧ ಗೆದ್ದ ಮೇಲೆ!

ಗೊತ್ತಿಲ್ಲದವರಿಗೆ ಸ್ವಲ್ಪ ಪೀಠಿಕೆ. 'ಡೋಂಟ್ ಸ್ಟಾರ್ವ್' ಅಂತ ಒಂದು ಗೇಮ್. ಕೆನಡಾದ ವ್ಯಾಂಕೂವರಿನ ಕ್ಲೈ ಎಂಟರ್ಟೇನ್‌ಮೆಂಟ್ ಅನ್ನೋ ಕಂಪನಿ 2013ರಲ್ಲಿ ಬಿಟ್ಟಿದ್ದು. ಇಂಜಿನಿಯರಿಂಗ್ ಓದುವಾಗ ಹಾಸ್ಟೆಲ್‌ನ ಗೆಳೆಯನೊಬ್ಬನ ಲ್ಯಾಪ್‌ಟಾಪಿನಲ್ಲಿ ಆಡಿ ಚಟ ಹತ್ತಿಸಿಕೊಂಡಿದ್ದೆ. ವಿಲ್ಸನ್ ಅನ್ನೋ ಕೆದರಿದ ಕೂದಲಿನ ವಿಜ್ಞಾನಿ ಗೊತ್ತಿಲ್ಲದ ಕಾಡಿನಲ್ಲಿ ಬಂದು ಬೀಳುತ್ತಾನೆ. ಕೈಯಲ್ಲಿ ಏನೂ ಇಲ್ಲ. ಹುಲ್ಲು ಕಿತ್ತು, ಕಡ್ಡಿ ಆರಿಸಿ, ಬೆಂಕಿ ಹಾಕಿಕೊಂಡು ಬದುಕಬೇಕು. ಗೇಮಿನ ಒಂದು ದಿನ ಅಂದರೆ ನಮ್ಮ 8 ನಿಮಿಷ. ಸತ್ತರೆ ಆ ಪ್ರಪಂಚವೇ ಅಳಿಸಿಹೋಗುತ್ತೆ, ಮತ್ತೆ ಮೊದಲಿನಿಂದ ಶುರು.

ಬೇರೆ ಗೇಮುಗಳಲ್ಲಿ ಜೀವ ಒಂದನ್ನು ನೋಡಿಕೊಂಡರೆ ಸಾಕು. ಇದರಲ್ಲಿ ಮೂರು ಮೀಟರ್. ಹೊಟ್ಟೆಗೆ 150, ಜೀವಕ್ಕೆ 150, ಬುದ್ಧಿಗೆ 200. ಬುದ್ಧಿ ಅಂದರೆ ಸ್ಯಾನಿಟಿ, ಸ್ಥಿಮಿತ ಅನ್ನಬಹುದೇನೋ. ಹೂವು ಕಿತ್ತರೆ 5 ಏರುತ್ತೆ. ಗೋರಿ ಅಗೆದರೆ 10 ಇಳಿಯುತ್ತೆ. ಕತ್ತಲಲ್ಲಿ ನಿಂತರೆ ತಾನಾಗಿಯೇ ಸೋರುತ್ತೆ. ತುಂಬಾ ಇಳಿದರೆ ಬಣ್ಣಗಳು ಮಸುಕಾಗಿ, ಮೊಲಗಳಿಗೆ ಕಪ್ಪು ಗಡ್ಡ ಬಂದ ಹಾಗೆ ಕಾಣುತ್ತೆ. ಇನ್ನೂ ಇಳಿದರೆ ನೆರಳಿನಂಥ ಪ್ರಾಣಿಗಳು ಬಂದು ನಿಜವಾಗಿಯೇ ಕಚ್ಚೋಕೆ ಶುರು ಮಾಡುತ್ತವೆ.

ಈ ಗೇಮಿನಲ್ಲಿ ಒಂದು ಕತ್ತಿ ಇದೆ. ಡಾರ್ಕ್ ಸ್ವೋರ್ಡ್. ನಾವೇ ತಯಾರಿಸಿಕೊಳ್ಳಬೇಕು. ಬೇಕಾಗೋದು 1 ಲಿವಿಂಗ್ ಲಾಗ್, 5 ನೈಟ್‌ಮೇರ್ ಫ್ಯೂಯಲ್. ಮೊದಲನೆಯದು ಮುಖ ಇರೋ ಮರದ ತುಂಡು. ಕಾಡು ಕಡಿಯುತ್ತಾ ಹೋದರೆ ಒಮ್ಮೊಮ್ಮೆ ಒಂದು ಮರ ಸಿಟ್ಟಿನಿಂದ ಎದ್ದು ಅಟ್ಟಿಸಿಕೊಂಡು ಬರುತ್ತೆ, ಅದನ್ನು ಕೊಂದರೆ ಸಿಗುತ್ತೆ. ಎರಡನೆಯದೇ ಮಜಾ. ಅದು ಸಿಗೋದು ಮುಖ್ಯವಾಗಿ ಆ ನೆರಳು ಪ್ರಾಣಿಗಳನ್ನು ಕೊಂದರೆ. ಅವು ಬರಬೇಕಾದರೆ ನಿಮಗೆ ಬುದ್ಧಿ ಕೆಟ್ಟಿರಬೇಕು. ಅಂದರೆ ಕತ್ತಿ ಬೇಕಾದರೆ ಮೊದಲು ಹುಚ್ಚು ಹಿಡಿಸಿಕೊಳ್ಳಬೇಕು! ಅಷ್ಟು ಸಾಲದು ಅಂತ, ಕತ್ತಿ ಮಾಡೋ ಯಂತ್ರಕ್ಕೇ ಇನ್ನೂ 3 ಲಿವಿಂಗ್ ಲಾಗ್, 7 ಫ್ಯೂಯಲ್, ಒಂದು ನೇರಳೆ ಹರಳು ಬೇಕು. ನಾನು ಬೇಕಂತಲೇ ಗೋರಿ ಅಗೆದು, ಸ್ಥಿಮಿತ ಕಳೆದುಕೊಂಡು, ಮಾಮೂಲಿ ಈಟಿ ಹಿಡಿದು ನೆರಳುಗಳ ಜತೆ ಗುದ್ದಾಡಿ ಎಲ್ಲಾ ಹೊಂದಿಸಿಕೊಂಡೆ.

ಇಷ್ಟೆಲ್ಲಾ ಯಾಕೆ ಅಂದರೆ, ಈಟಿ ಒಂದು ಏಟಿಗೆ 34 ಹೊಡೆದರೆ ಈ ಕತ್ತಿ 68 ಹೊಡೆಯುತ್ತೆ. ಸರಿಯಾಗಿ ಎರಡರಷ್ಟು. ಚಳಿಗಾಲದಲ್ಲಿ ಡೀರ್‌ಕ್ಲಾಪ್ಸ್ ಅನ್ನೋ ಒಕ್ಕಣ್ಣಿನ ದೈತ್ಯ ಬಂದು ಕಟ್ಟಿದ್ದನ್ನೆಲ್ಲಾ ಪುಡಿ ಮಾಡಿ ಹೋಗುತ್ತೆ. ಅದರ ಜೀವ 2000. ಈಟಿಯಲ್ಲಾದರೆ 59 ಏಟು, ಕತ್ತಿಯಲ್ಲಾದರೆ 30.

ಶಾಪ ಏನಪ್ಪಾ ಅಂದರೆ, ಕತ್ತಿ ಕೈಯಲ್ಲಿ ಇದ್ದಷ್ಟು ಹೊತ್ತೂ ನಿಮಿಷಕ್ಕೆ 20ರಂತೆ ಬುದ್ಧಿ ಇಳಿಯುತ್ತೆ. ಯಾರನ್ನೂ ಹೊಡೆಯದೆ ಸುಮ್ಮನೆ ಹಿಡಿದು ನಿಂತರೂ ಸರಿ, ಹತ್ತು ನಿಮಿಷದಲ್ಲಿ ತುಂಬಿದ 200 ಸೊನ್ನೆ. ಆದರೆ ಅದೇ ಕತ್ತಿ ಚೀಲದಲ್ಲಿದ್ದರೆ ಏನೂ ಮಾಡೋದಿಲ್ಲ. ಒಂದು ಚೂರೂ ಇಲ್ಲ. ಶಾಪ ಇರೋದು ಕತ್ತಿ ಇಟ್ಟುಕೊಂಡಿರೋದಕ್ಕಲ್ಲ, ಹಿಡಿದುಕೊಂಡಿರೋದಕ್ಕೆ.

ಆ ರಾತ್ರಿ ದೈತ್ಯ ಬಂತು. ಅದರ ಹತ್ತಿರ ನಿಂತರೇ ಬುದ್ಧಿ ಸೋರುತ್ತೆ, ಜತೆಗೆ ಕೈಯಲ್ಲಿ ಕತ್ತಿ. ಹೊಡೆದು ಓಡಿ, ಹೊಡೆದು ಓಡಿ, ಕೊನೆಗೂ ಉರುಳಿಸಿದೆ. ಮಂಚದ ಮೇಲೆ ಕೂತಲ್ಲೇ ಕುಣಿದೆ. ಅದರ ಕಣ್ಣುಗುಡ್ಡೆ ಎತ್ತಿಕೊಂಡು ಬೀಗುತ್ತಾ ಮನೆ ಕಡೆ ಹೊರಟೆ. ಸಂಜೆಯಾಗಿತ್ತು. ಬಣ್ಣ ಮಾಸಿದ್ದು ಕಾಣಿಸಿತು, ಸಂಜೆ ಅಲ್ವಾ ಅಂದುಕೊಂಡೆ. ಎರಡು ನೆರಳು ಬಂದವು. ಕತ್ತಿ ಇದೆಯಲ್ಲಾ, ಒಂದನ್ನು ಕಡಿದೆ. ಅಷ್ಟರಲ್ಲಿ ಇನ್ನೊಂದು ಬಂತು. ಉಳಿದಿದ್ದ ಜೀವ ಅಲ್ಲಿಗೆ ಮುಗಿಯಿತು. 33ನೇ ದಿನ.

ಆಮೇಲೆ ಹೊಳೆಯಿತು, ಯುದ್ಧ ಮುಗಿದ ಮೇಲೂ ಕತ್ತಿ ಕೈಯಲ್ಲೇ ಇತ್ತು. ಒಂದು ರೈಟ್ ಕ್ಲಿಕ್ಕಿನಲ್ಲಿ ಚೀಲಕ್ಕೆ ಹೋಗುತ್ತಿತ್ತು.

ಇಷ್ಟೇ ಆಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ ಬಿಡಿ.

ಎರಡು ವರ್ಷದ ಹಿಂದೆ ಆಫೀಸಿನಲ್ಲಿ ನನ್ನನ್ನು ಐದು ಜನರ ಒಂದು ತಂಡಕ್ಕೆ ಲೀಡ್ ಮಾಡಿದರು. ನಾನು ಮೂಲತಃ ಮೆತ್ತಗಿನ ಮನುಷ್ಯ, ಹೋಟೆಲಿನಲ್ಲಿ ಉಪ್ಪಿಲ್ಲದ ಸಾಂಬಾರ್ ಕೊಟ್ಟರೂ 'ಚೆನ್ನಾಗಿದೆ' ಅನ್ನೋ ಪೈಕಿ. ಬೇರೆ ತಂಡದಿಂದ ಬರಬೇಕಾದ ಒಂದು ಕೆಲಸ ಮೂರು ವಾರ ಬರಲಿಲ್ಲ. ಒಂದು ದಿನ ಕಾಲ್‌ನಲ್ಲಿ ತಾಳ್ಮೆ ತಪ್ಪಿ ಕೂಗಾಡಿಬಿಟ್ಟೆ. ನನ್ನ ಕೈಯೇ ನಡುಗುತ್ತಿತ್ತು. ಒಂದು ಗಂಟೆಯಲ್ಲಿ ಕೆಲಸ ಬಂತು.

ಆವತ್ತು ನನಗೆ ಕತ್ತಿ ಸಿಕ್ಕಿತು. ಈಟಿಗಿಂತ ಎರಡರಷ್ಟು ಏಟು.

ಆಮೇಲೆ ಕೂಗಾಡೋ ಅಗತ್ಯವೂ ಬೀಳಲಿಲ್ಲ. ತಣ್ಣಗೆ, ಚುಚ್ಚಿ ಮಾತಾಡೋದು ಕಲಿತೆ. "ಇದನ್ನೂ ಹೇಳಿಕೊಡಬೇಕಾ?" ಅನ್ನೋ ಒಂದು ವಾಕ್ಯ ಸಾಕಾಗುತ್ತಿತ್ತು. ಕೆಲಸ ಆಗುತ್ತಿತ್ತು, ಮೇಲಿನವರು ಬೆನ್ನು ತಟ್ಟಿದರು. ತಂಡದಲ್ಲಿ ಆಗಷ್ಟೇ ಕಾಲೇಜು ಮುಗಿಸಿ ಬಂದ ಹುಡುಗನೊಬ್ಬ ಇದ್ದ. ಶುರುವಿನಲ್ಲಿ ದಿನಕ್ಕೆ ಹತ್ತು ಪ್ರಶ್ನೆ ಕೇಳುತ್ತಿದ್ದ, ಬರಬರುತ್ತಾ ಕೇಳೋದೇ ನಿಲ್ಲಿಸಿದ. ಕಲಿತುಬಿಟ್ಟಿದ್ದಾನೆ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಅವನು ಮಾಡಿದ ಒಂದು ತಪ್ಪನ್ನು ಎರಡು ವಾರ ಹೇಳದೆ ಇಟ್ಟುಕೊಂಡಿದ್ದ. ಒಬ್ಬನೇ ರಾತ್ರಿ ಕೂತು ಸರಿ ಮಾಡೋಕೆ ಹೋಗಿ ಇನ್ನಷ್ಟು ಕೆಡಿಸಿದ್ದ. "ಯಾಕೋ ಹೇಳಲಿಲ್ಲ?" ಅಂದರೆ ತಲೆ ತಗ್ಗಿಸಿದ. ಉತ್ತರ ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಅದಕ್ಕೂ ಎಚ್ಚರವಾಗಲಿಲ್ಲ ನೋಡಿ. ಡಿಸೆಂಬರಿನ ಮೊದಲ ವಾರ ಊರಿಂದ ಅಮ್ಮ ಫೋನ್ ಮಾಡಿದರು. ಮೊಬೈಲಿನಲ್ಲಿ ಗ್ಯಾಸ್ ಬುಕ್ ಮಾಡೋದು ಹೇಗೆ ಅಂತ. ಹಿಂದಿನ ತಿಂಗಳೂ ಕೇಳಿದ್ದರು. ನಾನು ಆಗಷ್ಟೇ ಒಂದು ಮೀಟಿಂಗ್ ಮುಗಿಸಿ ಎದ್ದಿದ್ದೆ. "ಇದನ್ನೂ ಹೇಳಿಕೊಡಬೇಕಾ ಅಮ್ಮಾ?" ಅಂದೆ. ಅದೇ ವಾಕ್ಯ, ಅದೇ ದನಿ.

ಆ ಕಡೆ ಒಂದು ಕ್ಷಣ ಮೌನ. "ಆಯ್ತು ಮಗಾ, ಬಿಜಿ ಇದ್ದೀಯೇನೋ. ಪಕ್ಕದ ಮನೆ ಹುಡುಗನ್ನ ಕೇಳ್ತೀನಿ" ಅಂದು ಇಟ್ಟರು. ಮತ್ತೆ ಒಂಬತ್ತು ದಿನ ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ. ಒಂಬತ್ತು ದಿನ ಆಗಿದೆ ಅಂತ ಎಣಿಸಿದ್ದೇ ವಿಲ್ಸನ್ ಸತ್ತ ರಾತ್ರಿ.

ನಮ್ಮ ಅಜ್ಜನಿಗೆ ತಾಳಮದ್ದಳೆ ಹುಚ್ಚು. ಚಿಕ್ಕವನಿದ್ದಾಗ ಅಶ್ವತ್ಥಾಮನ ಕಥೆ ಎಷ್ಟು ಸಲ ಹೇಳಿದ್ದರೋ. ಅಶ್ವತ್ಥಾಮ ಒಂದು ಹುಲ್ಲುಕಡ್ಡಿಗೆ ಮಂತ್ರ ಹಾಕಿ ಅಸ್ತ್ರ ಬಿಡುತ್ತಾನೆ, ಅರ್ಜುನನೂ ಬಿಡುತ್ತಾನೆ. ನಾರದರು, ವ್ಯಾಸರು ನಡುವೆ ನಿಂತು ಇಬ್ಬರೂ ಹಿಂದಕ್ಕೆ ತಗೊಳ್ಳಿ ಅಂತಾರೆ. ಅರ್ಜುನ ತಗೊಳ್ಳುತ್ತಾನೆ. ಅಶ್ವತ್ಥಾಮನಿಗೆ ಆಗೋದಿಲ್ಲ. ಅದು ಹೋಗಿ ಬೀಳೋದು ಇನ್ನೂ ಹುಟ್ಟದ ಮಗುವಿನ ಮೇಲೆ. ಬಿಡೋದು ಕಲಿಯೋಕೆ ಗುರು ಸಾಕು, ಹಿಂದಕ್ಕೆ ತಗೊಳ್ಳೋಕೆ ಮನಸ್ಸು ಬೇಕು ಅಂತ ಅಜ್ಜ ಕೊನೆಗೆ ಹೇಳುತ್ತಿದ್ದರು. ಆಗ ನನಗೆ ಬೇಕಿದ್ದಿದ್ದು ಬೆಂಕಿ ಉಗುಳೋ ಬಾಣ ಮಾತ್ರ.

ಗೇಮಿನಲ್ಲಿ ಮ್ಯಾಕ್ಸ್‌ವೆಲ್ ಅನ್ನೋ ಇನ್ನೊಬ್ಬ ಇದ್ದಾನೆ. ಅವನಾಗಿ ಆಡಿದರೆ ಈ ಕತ್ತಿ ಮೊದಲೇ ಕೈಗೆ ಬಂದಿರುತ್ತೆ. ಅವನ ಬುದ್ಧಿ ನಿಮಿಷಕ್ಕೆ 20 ತಾನಾಗಿಯೇ ಏರುತ್ತೆ, ಹಾಗಾಗಿ ಕತ್ತಿ ಇಳಿಸಿದಷ್ಟೂ ಅಲ್ಲಿಂದಲ್ಲಿಗೆ ಸರಿಹೋಗುತ್ತೆ. ಇಡೀ ದಿನ ಹಿಡಿದು ತಿರುಗಿದರೂ ಅವನಿಗೇನೂ ಆಗೋದಿಲ್ಲ. ಆದರೆ ಅವನ ಜೀವ ವಿಲ್ಸನ್‌ನ ಅರ್ಧ, ಬರೀ 75. ಅಂಥವರನ್ನು ಆಫೀಸಿನಲ್ಲಿ ನೋಡಿದ್ದೇನೆ, ನೀವೂ ನೋಡಿರುತ್ತೀರಿ. ಹಾಗಾಗೋದೇ ಬೆಳವಣಿಗೆ ಅಂತ ನಾನು ಸ್ವಲ್ಪ ದಿನ ನಂಬಿಯೂ ಇದ್ದೆ.

ಮಾರನೇ ದಿನ ಭಾನುವಾರ ಅಮ್ಮನಿಗೆ ಫೋನ್ ಮಾಡಿದೆ. ಕ್ಷಮಿಸು ಅಂತ ಹೇಳೋಕೆ ನಮ್ಮ ಮನೆಯಲ್ಲಿ ರೂಢಿಯಿಲ್ಲ, ಬಾಯಿ ಬರಲಿಲ್ಲ. "ಗ್ಯಾಸ್ ಬುಕ್ ಆಯ್ತಾ?" ಅಂದೆ. "ಆವತ್ತೇ ಆಯ್ತು. ನೀನು ಸರಿಯಾಗಿ ಊಟ ಮಾಡ್ತಿದ್ದೀಯಾ?" ಅಂದರು. ಮುಂದಿನ ಸಲಕ್ಕಿರಲಿ ಅಂತ ವೀಡಿಯೋ ಕಾಲ್ ಮಾಡಿ ಒಂದೊಂದೇ ಬಟನ್ ತೋರಿಸಿದೆ. ಅಮ್ಮ ಅದನ್ನೆಲ್ಲಾ ಕ್ಯಾಲೆಂಡರಿನ ಹಿಂದೆ ಬರೆದುಕೊಂಡರು. ಮುಂಚೆ ಕೇಳಿದ್ದೂ ಇಷ್ಟನ್ನೇ ಅಲ್ವಾ...

ಹುಡುಗನ ವಿಷಯ ಅಷ್ಟು ಸುಲಭವಾಗಿಲ್ಲ. ಈಗಲೂ ಮೆಸೇಜ್ ಮಾಡಿದರೆ "ಡಿಸ್ಟರ್ಬ್ ಮಾಡ್ತಿದ್ದೀನಾ?" ಅಂತಲೇ ಶುರು ಮಾಡುತ್ತಾನೆ. ಕಳೆದ ವಾರ ಮಾತ್ರ ಹಾಗೆ ಕೇಳದೆ ನೇರ ಪ್ರಶ್ನೆ ಕೇಳಿದ. ಸಿಲ್ಲಿ ಪ್ರಶ್ನೆ. ಭಾರೀ ಖುಷಿಯಾಯಿತು.

ಕತ್ತಿ ಬಿಸಾಕಿಲ್ಲ, ಸುಳ್ಳು ಯಾಕೆ ಹೇಳಲಿ. ದೈತ್ಯರು ಬರುತ್ತಲೇ ಇರುತ್ತಾರೆ, ಈಟಿಯಲ್ಲಿ 59 ಏಟು ಹೊಡೆಯೋಷ್ಟು ಪುರುಸೊತ್ತು ಯಾವಾಗಲೂ ಸಿಗೋದಿಲ್ಲ. ಮೀಟಿಂಗ್ ಮುಗಿದ ಮೇಲೆ ಮಾತ್ರ ಎರಡು ನಿಮಿಷ ಕಿಟಕಿ ಹತ್ತಿರ ಹೋಗಿ ನಿಲ್ಲುತ್ತೇನೆ. ಕೈಯಲ್ಲಿ ಏನಾದರೂ ಇದೆಯಾ ಅಂತ ನೋಡಿಕೊಂಡು ಆಮೇಲೆ ಫೋನ್ ಎತ್ತುತ್ತೇನೆ.

ಹೊಸ ವಿಲ್ಸನ್ ಈಗ 19ನೇ ದಿನದಲ್ಲಿದ್ದಾನೆ. ಸದ್ಯಕ್ಕೆ ಹೂವು ಕೀಳುತ್ತಿದ್ದಾನೆ :-)